ಬ್ಯಾಡಗಿ ಮೆಣಸಿನಕಾಯಿ ಬಿಯರಿಗೆ ಯಾವಾಗ ಬೀಳಬೇಕು?

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಹಾವೇರಿ ಕಡೆಯವನು, ಈಗ ಅಮೆರಿಕದ ಟೆಕ್ಸಾಸಿನಲ್ಲಿದ್ದೇನೆ. ಎರಡು ವರ್ಷದಿಂದ ಮನೆಯಲ್ಲೇ ಬಿಯರ್ ಮಾಡಿಕೊಳ್ಳುತ್ತೇನೆ. ಈ ಸಲ ಊರಿಂದ ಬ್ಯಾಡಗಿ ಮೆಣಸಿನಕಾಯಿ ಬಂದಿತ್ತು. ಒಳ್ಳೆ ಕೆಂಪು ಬಿಯರ್ ಮಾಡೋಣ ಅಂತ, 19 ಲೀಟರ್ ವರ್ಟ್ (ಹುದುಗಿ ಬಿಯರ್ ಆಗುವ ಸಿಹಿ ಮಾಲ್ಟ್ ರಸ) ಕುದಿಯುವಾಗಲೇ 25 ಕಾಯಿ ಮುರಿದು ಹಾಕಿದೆ. ಮೂರನೇ ದಿನ ರುಚಿ ನೋಡಿದರೆ ಖಾರವೇ ಇರಲಿಲ್ಲ. ಅತಿ ಖಾರದ ಹಬನೇರೊ ಮೆಣಸಿನಕಾಯಿ ನಾಲ್ಕು ಸೀಳಿ, ಬಿಯರ್ ಹುದುಗುವ ಪಾತ್ರೆಗೆ, ಅಂದರೆ ಫರ್ಮೆಂಟರಿಗೆ ಹಾಕಿದೆ. ಎರಡು ವಾರ ಕಳೆದ ಮೇಲೆ ಪರೀಕ್ಷೆಗೆ ಅಂತ ನಾಲ್ಕು ಬಾಟಲಿ ತುಂಬಿಟ್ಟಿದ್ದೆ. ಈಗ ತೆಗೆದು ನೋಡಿದರೆ ಗಂಟಲು ಸುಡುತ್ತದೆ, ನೊರೆ ಒಂದು ನಿಮಿಷವೂ ನಿಲ್ಲುವುದಿಲ್ಲ, ಕೆಂಪು ಬಣ್ಣವಂತೂ ಬಂದೇ ಇಲ್ಲ. ಉಳಿದ ಬಿಯರ್ ಇನ್ನೂ ಫರ್ಮೆಂಟರಿನಲ್ಲೇ ಇದೆ. ಇದನ್ನು ಉಳಿಸಿಕೊಳ್ಳಬಹುದಾ? ಮುಂದಿನ ಸಲ ಎಷ್ಟು ಮೆಣಸಿನಕಾಯಿ ಹಾಕಲಿ? ಬಾಟಲಿಗೆ ಒಂದೊಂದು ಕಾಯಿ ಇಳಿಬಿಟ್ಟರೆ ಹೇಗೆ?

ಉತ್ತರ:

ಮೂರನೇ ದಿನ ರುಚಿ ನೋಡಿದ್ದೀರಲ್ಲ, ನಿಮ್ಮ ಬಿಯರ್ ಕೆಟ್ಟಿದ್ದು ಆವತ್ತು. 25 ಬ್ಯಾಡಗಿ ಅಷ್ಟೇನೂ ದೊಡ್ಡ ತಪ್ಪಲ್ಲ. ನಾಲಿಗೆಯನ್ನು ನಂಬಿ ಹಬನೇರೊ ಹಾಕಿದ್ದು ತಪ್ಪು. ಹಾಗಂತ ನಾಲಿಗೆಯದ್ದೇ ತಪ್ಪು ಅನ್ನಲಾರೆ. ಆ ದಿನ ಅದು ನೋಡಿದ್ದು ಬಿಯರನ್ನೇ ಅಲ್ಲ, ಅರ್ಧ ಬೆಂದ ಅಡುಗೆಯನ್ನು.

ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮೂರನೇ ದಿನ ನಿಮ್ಮ ಫರ್ಮೆಂಟರಿನಲ್ಲಿ ಇನ್ನೂ ಬೇಕಾದಷ್ಟು ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಸಕ್ಕರೆ ಉಳಿದಿತ್ತು. ಸಿಹಿ ಖಾರವನ್ನು ಮುಚ್ಚುತ್ತದೆ. ಸಾರು ಖಾರವಾದರೆ ಒಂದು ಚೂರು ಬೆಲ್ಲ ಹಾಕುತ್ತೇವಲ್ಲ, ಅದೇ ಲೆಕ್ಕ. ಆಮೇಲೆ ಯೀಸ್ಟ್ ಆ ಸಕ್ಕರೆಯನ್ನೆಲ್ಲ ತಿಂದು ಆಲ್ಕೋಹಾಲ್ ಮಾಡಿತು. ಅಂದರೆ ಖಾರದ ಮೇಲಿದ್ದ ಮುಸುಕು ಹೋಯಿತು. ಖಾರದ ಮೂಲವಾದ ಕ್ಯಾಪ್ಸೈಸಿನ್ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ, ಎಣ್ಣೆಯಲ್ಲೂ ಆಲ್ಕೋಹಾಲಿನಲ್ಲೂ ಕರಗುತ್ತದೆ. ಆಲ್ಕೋಹಾಲ್ ಏರಿದಂತೆಲ್ಲ ಕಾಯಿಯಿಂದ ಖಾರ ಬಿಡುತ್ತಲೇ ಹೋಯಿತು. ಕೊನೆಗೆ ಬಾಟಲಿಯಲ್ಲಿ ಗ್ಯಾಸ್ ಬಂತು. ಗುಳ್ಳೆಯ ಚುರುಕು ಖಾರದ ಮೇಲೆ ಇನ್ನೊಂದು ಚುಚ್ಚು ಸೇರಿಸಿತು.

ಇದರ ಜೊತೆಗೆ ಇನ್ನೊಂದು ಸಂಗತಿ ಇದೆ. ಬಾಯಲ್ಲಿ ಖಾರ ಗೊತ್ತಾಗುವುದು ರುಚಿಯ ಮೊಗ್ಗಿನಿಂದಲ್ಲ, ಬಿಸಿಯನ್ನೂ ನೋವನ್ನೂ ತಿಳಿಸುವ ನರದಿಂದ. ಆ ನರದ ಮೇಲೆ ಟಿಆರ್‌ಪಿವಿ1 ಅನ್ನುವ ಒಂದು ಬಾಗಿಲಿದೆ. ಅಮೆರಿಕದ ವಿಜ್ಞಾನಿ ಡೇವಿಡ್ ಜೂಲಿಯಸ್ ತಂಡ ಅದನ್ನು 1997ರಲ್ಲಿ ಗುರುತಿಸಿತು. ಮೆಣಸಿನಕಾಯಿ ಹಿಡಿದು ಹೊರಟ ಆ ಹುಡುಕಾಟಕ್ಕೆ 2021ರ ನೊಬೆಲ್ ಬಂತು. ಕ್ಯಾಪ್ಸೈಸಿನ್ ತೆರೆಯುವುದು ಈ ಬಾಗಿಲನ್ನೇ. ಆಲ್ಕೋಹಾಲ್ ಇದೇ ಬಾಗಿಲನ್ನು ಸ್ವಲ್ಪ ಸಡಿಲ ಮಾಡುತ್ತದೆ. ಹಾಗಾಗಿ ಅಷ್ಟೇ ಖಾರ ನೀರಿಗಿಂತ ಬಿಯರಿನಲ್ಲಿ ಜಾಸ್ತಿ ಅನ್ನಿಸುತ್ತದೆ. ಖಾರದ ಊಟಕ್ಕೆ ತಣ್ಣನೆಯ ಬಿಯರ್ ಆರಾಮ ಅಂತ ನಂಬಿದವರಿಗೆ ಇದು ಬೇಸರದ ಸುದ್ದಿ. ಆ ಆರಾಮ ತಂಪಿನದ್ದು, ಬಿಯರಿನದ್ದಲ್ಲ.

ಈಗ ಬಣ್ಣದ ವಿಷಯ. ಬ್ಯಾಡಗಿ ಅಂದರೆ ಬಣ್ಣ, ನಿಜ. 2011ರಲ್ಲಿ ಅದಕ್ಕೆ ಜಿಐ (ಭೌಗೋಳಿಕ ಸೂಚಕ) ಗುರುತು ಸಿಕ್ಕಿದೆ. ಅದರಿಂದ ತೆಗೆದ ಓಲಿಯೊರೆಸಿನ್ ಅನ್ನುವ ಗಟ್ಟಿ ಸತ್ವ ತುಟಿಬಣ್ಣಕ್ಕೂ ಹೋಗುತ್ತದೆ. ಆದರೆ ಆ ಕೆಂಪು ಕೂಡ ಎಣ್ಣೆಯ ಜಾತಿಗೆ ಸೇರಿದ್ದು. ಅಮ್ಮ ಒಗ್ಗರಣೆ ಹಾಕುವಾಗ ನೋಡಿದ್ದೀರಲ್ಲ, ಮೆಣಸಿನಕಾಯಿ ಬಿದ್ದ ಎಣ್ಣೆ ಮೊದಲು ಕೆಂಪಾಗುತ್ತದೆ, ಆಮೇಲೆ ಆ ಎಣ್ಣೆ ಸಾರಿನ ಮೇಲೆ ತೇಲುತ್ತದೆ. ಒಣಕಾಯಿಯನ್ನು ಸುಮ್ನೆ ನೀರಲ್ಲಿ ಕುದಿಸಿದರೆ ಮಸುಕು ಕಿತ್ತಳೆ ಬಣ್ಣದ ನೀರು ಸಿಗುತ್ತದೆ, ಅಷ್ಟೇ. ಬಿಯರಿನಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಪಾಲು ನೀರೇ. ನಿಮಗೆ ಕೆಂಪು ಬಿಯರ್ ಬೇಕಿದ್ದರೆ ಬಣ್ಣವನ್ನು ಮಾಲ್ಟಿನಿಂದ ತನ್ನಿ. 19 ಲೀಟರಿಗೆ ಹುರಿದ ಬಾರ್ಲಿ 60 ಗ್ರಾಂ ಸಾಕು, ದಾಳಿಂಬೆಯ ಹತ್ತಿರದ ಕೆಂಪು ಬರುತ್ತದೆ. ಬ್ಯಾಡಗಿಯಿಂದ ಕೇಳಬೇಕಾದ್ದು ಅದರ ವಾಸನೆಯನ್ನು. ಒಣದ್ರಾಕ್ಷಿ, ಸ್ವಲ್ಪ ಹೊಗೆ, ಸ್ವಲ್ಪ ಮಣ್ಣು ಸೇರಿದಂಥ ಆ ಘಮ ಬೇರೆ ಕಾಯಿಗಳಲ್ಲಿ ನನಗೆ ಸಿಕ್ಕಿಲ್ಲ. ಮೆಕ್ಸಿಕೋದ ಆಂಚೊ ಸ್ವಲ್ಪ ಹತ್ತಿರ ಬರುತ್ತದೆ.

ನೊರೆ ಯಾಕೆ ಹೋಯಿತು? ಬೀಜದಿಂದ. ಮೆಣಸಿನ ಬೀಜದಲ್ಲಿ ಎಣ್ಣೆ ಇದೆ, ಮತ್ತು ಬಿಯರಿನ ನೊರೆಗೆ ಎಣ್ಣೆಯಷ್ಟು ದೊಡ್ಡ ಶತ್ರು ಇಲ್ಲ. ಜಿಡ್ಡು ಲೋಟಕ್ಕೆ ಬಿಯರ್ ಸುರಿದು ನೋಡಿ, ಗೊತ್ತಾಗುತ್ತದೆ. ನೀವು 25 ಕಾಯಿ ಮುರಿದು ಬೀಜ ಸಮೇತ ಕುದಿಸಿದ್ದೀರಿ. ಖಾರ ಬೀಜದಲ್ಲಿರುತ್ತದೆ ಅಂತ ನಮ್ಮಲ್ಲಿ ಎಲ್ಲರೂ ನಂಬುತ್ತಾರೆ. ನಿಜವಾಗಿ ಅದು ಹುಟ್ಟುವುದು ಬೀಜ ಅಂಟಿಕೊಂಡಿರುವ ಬಿಳಿ ತಿರುಳಿನಲ್ಲಿ. ಬೀಜಕ್ಕೆ ಖಾರ ಮೆತ್ತಿಕೊಂಡಿರುತ್ತದೆ ಅಷ್ಟೇ. ಅಂದರೆ ಬೀಜ ತೆಗೆದರೆ ನೊರೆ ಉಳಿಯುತ್ತದೆ, ಕಳೆದುಕೊಳ್ಳುವುದು ಏನೂ ಇಲ್ಲ. ಬಿಳಿ ತಿರುಳು ಎಷ್ಟು ಬಿಡುತ್ತೀರಿ, ಎಷ್ಟು ತೆಗೆಯುತ್ತೀರಿ ಅನ್ನುವುದರಲ್ಲಿ ಖಾರದ ಹಿಡಿತ ಇದೆ.

ಹಬನೇರೊ ಬಗ್ಗೆ ಬೈಯದೆ ಮುಂದೆ ಹೋಗಲಾರೆ. 1912ರಲ್ಲಿ ವಿಲ್ಬರ್ ಸ್ಕೋವಿಲ್ ಅನ್ನುವ ಔಷಧ ತಜ್ಞ ಖಾರ ಅಳೆಯುವ ಒಂದು ದಾರಿ ಹುಡುಕಿದ. ಮೆಣಸಿನ ಸಾರವನ್ನು ಸಕ್ಕರೆ ನೀರಿನಲ್ಲಿ ತೆಳು ಮಾಡುತ್ತಾ ಹೋಗುವುದು, ಖಾರ ಗೊತ್ತಾಗದ ತನಕ. ಅವನ ಹೆಸರಿನ ಆ ಅಳತೆಯಲ್ಲಿ ಆಂಚೊ ಒಂದೆರಡು ಸಾವಿರ ಮುಟ್ಟುತ್ತದೆ. ಹಲಪೀನ್ಯೊ 2,500ರಿಂದ 8,000. ಹಬನೇರೊ ಲಕ್ಷದಿಂದ ಮೂರೂವರೆ ಲಕ್ಷ! ಒಂದೇ ಗಿಡದ ಎರಡು ಕಾಯಿಯ ಖಾರ ಕೂಡ ಒಂದೇ ಇರುವುದಿಲ್ಲ. ನೀರು ಕಡಿಮೆಯಾದ ಗಿಡ, ಬಿಸಿಲು ಜಾಸ್ತಿ ಕಂಡ ಗಿಡ, ಪ್ರತಿಯೊಂದರದ್ದೂ ಬೇರೆ ಸ್ವಭಾವ. ಹಾಗಾಗಿ "ಎಷ್ಟು ಕಾಯಿ ಹಾಕಲಿ" ಅಂದರೆ ನಾನು ಯಾವ ಸಂಖ್ಯೆ ಹೇಳಿದರೂ ಅದು ಜೂಜು. ಇಂಡಿಯನ್ ಅಂಗಡಿಯ ಪೊಟ್ಟಣದ ಮೇಲೆ ಬ್ಯಾಡಗಿ ಅಂತ ಬರೆದಿದ್ದರೂ ಅಷ್ಟೇ, ಊರಿಂದ ಅಪ್ಪ ಕಟ್ಟಿಕೊಟ್ಟಿದ್ದರೂ ಅಷ್ಟೇ.

ನಾನು ಏನು ಮಾಡುತ್ತೇನೆ ಹೇಳುತ್ತೇನೆ. ಮೊದಲು ಬಿಯರನ್ನು ಬಿಯರಾಗಿ ಮುಗಿಸುತ್ತೇನೆ. ಮೆಣಸಿನಕಾಯಿ ಅದರ ಹತ್ತಿರವೂ ಸುಳಿಯುವುದಿಲ್ಲ. ಹುದುಗು ಪೂರ್ತಿ ಮುಗಿದು, ಸಕ್ಕರೆ ಎಷ್ಟು ಉಳಿದಿದೆ ಅಂತ ಸಾಂದ್ರತೆಯಿಂದ ತಿಳಿಸುವ ಹೈಡ್ರೋಮೀಟರ್ ಮೂರು ದಿನ ಒಂದೇ ಅಂಕಿ ತೋರಿಸಿದ ಮೇಲೆ, ಬಾಟಲಿಗೆ ತುಂಬುವ ದಿನ ಮೆಣಸು ಸೇರುತ್ತದೆ. ಒಗ್ಗರಣೆ ಕೊನೆಗೆ ತಾನೆ ಹಾಕುವುದು? ಅದನ್ನೂ ಕಾಯಿಯಾಗಿ ಹಾಕುವುದಿಲ್ಲ, ವೋಡ್ಕಾದಲ್ಲಿ ಇಳಿಸಿದ ಸಾರವಾಗಿ ಹಾಕುತ್ತೇನೆ, ಮಿಲಿಲೀಟರಿನಲ್ಲಿ ಅಳೆದು.

ಸಾರ ಮಾಡುವ ಬಗೆ ಹೀಗೆ. ಬಿಯರ್ ತುಂಬುವುದಕ್ಕೆ ಐದು ದಿನ ಮುಂಚೆ ಶುರು ಮಾಡಿ. ಬ್ಯಾಡಗಿಯ ತೊಟ್ಟು, ಬೀಜ ತೆಗೆದು 20 ಗ್ರಾಂ ಆಗುವಷ್ಟು ತೂಗಿಕೊಳ್ಳಿ. ದಪ್ಪ ತಳದ ಬಾಣಲೆಯಲ್ಲಿ ಸಾರಿನ ಪುಡಿಗೆ ಹುರಿದ ಹಾಗೆ ಸಣ್ಣ ಉರಿಯಲ್ಲಿ ಹುರಿಯಿರಿ. ಆದರೆ ಒಂದು ಹನಿ ಎಣ್ಣೆಯೂ ಬೇಡ. ಘಮ್ ಅಂದ ತಕ್ಷಣ ಇಳಿಸಿ. ಘಾಟು ನೆತ್ತಿಗೇರಿ ಕೆಮ್ಮು ಬಂತು ಅಂದರೆ ತಡವಾಯಿತು ಅಂತ ಅರ್ಥ, ಆ ಕಾಯಿ ಕಹಿ ಕೊಡುತ್ತದೆ. ಆರಿದ ಮೇಲೆ ಕತ್ತರಿಯಿಂದ ಕತ್ತರಿಸಿ ಗಾಜಿನ ಬಾಟಲಿಗೆ ಹಾಕಿ, 200 ಮಿಲಿ ಸಾದಾ ವೋಡ್ಕಾ ಸುರಿದು ಮುಚ್ಚಿ. ದುಬಾರಿ ವೋಡ್ಕಾ ಬೇಡ. ದಿನಕ್ಕೊಮ್ಮೆ ಅಲ್ಲಾಡಿಸಿ. ನಾಲ್ಕು ದಿನಕ್ಕೆ ಕೆಂಪಗೆ ಇಳಿಯುತ್ತದೆ. ಇಲ್ಲಿ ಬಣ್ಣ ಬರುತ್ತದೆ, ನೋಡಿ, ಯಾಕೆಂದರೆ ವೋಡ್ಕಾದಲ್ಲಿ ನೂರಕ್ಕೆ 40 ಪಾಲು ಆಲ್ಕೋಹಾಲ್. ಆಮೇಲೆ ಕಾಫಿ ಸೋಸುವ ಕಾಗದದಲ್ಲಿ ಸೋಸಿ. ನಿಧಾನ ಆಗುತ್ತದೆ, ಹಿಂಡಬೇಡಿ. ಹಿಂಡಿದರೆ ಬೇಡದ ಜಿಡ್ಡೂ ಬರುತ್ತದೆ. ಸುಮಾರು 150–160 ಮಿಲಿ ಸಿಗುತ್ತದೆ.

ಬಾಟಲಿ ತುಂಬುವ ದಿನ ನಾಲ್ಕು ಲೋಟ ತೆಗೆದುಕೊಂಡು ಒಂದೊಂದಕ್ಕೂ ಸರಿಯಾಗಿ 100 ಮಿಲಿ ಬಿಯರ್ ಅಳೆದು ಹಾಕಿ. ಔಷಧಿ ಅಂಗಡಿಯಲ್ಲಿ ಮಕ್ಕಳಿಗೆ ಸಿರಪ್ ಕುಡಿಸುವ 1 ಮಿಲಿ ಸಿರಿಂಜ್ ಸಿಗುತ್ತದೆ, ಅದರಿಂದ ಮೊದಲ ಲೋಟಕ್ಕೆ 0.2 ಮಿಲಿ ಸಾರ, ಎರಡನೆಯದಕ್ಕೆ 0.4, ಆಮೇಲೆ 0.6, ಕೊನೆಯದಕ್ಕೆ 0.8. ಕಡಿಮೆಯಿಂದ ಶುರು ಮಾಡಿ. ಒಂದು ಲೋಟಕ್ಕೂ ಇನ್ನೊಂದಕ್ಕೂ ನಡುವೆ ಮೂರು ನಿಮಿಷವಾದರೂ ಬಿಡಿ, ಒಂದು ಗುಟುಕು ಹಾಲು ಕುಡಿಯಿರಿ. ಹಾಲಿನಲ್ಲಿರುವ ಕೇಸಿನ್ ಅನ್ನುವ ಪ್ರೋಟೀನ್ ಖಾರವನ್ನು ತೊಳೆದುಕೊಂಡು ಹೋಗುತ್ತದೆ, ನೀರಿಂದ ಆ ಕೆಲಸ ಆಗದು. ಇಷ್ಟವಾದ ಲೋಟ ಸಿಕ್ಕಿತು ಅಂದುಕೊಳ್ಳಿ, 0.6 ಮಿಲಿಯದ್ದು. ಆಗ ಒಂದು ಮೆಟ್ಟಿಲು ಕೆಳಗಿಳಿದು 0.4 ಆರಿಸಿ. ಇದು ನನ್ನ ಹಟ. ನೀವು ನೋಡಿದ್ದು ಗ್ಯಾಸ್ ಇಲ್ಲದ, ಒಂದು ಗುಟುಕು ಬಿಯರ್. ನಾಳೆ ಕುಡಿಯುವುದು ಗ್ಯಾಸ್ ತುಂಬಿದ, ಪೂರ್ತಿ ಒಂದು ಲೋಟ. ಖಾರ ಗುಟುಕಿನಿಂದ ಗುಟುಕಿಗೆ ಏರುತ್ತದೆ. 100 ಮಿಲಿಗೆ 0.4 ಅಂದರೆ ಲೀಟರಿಗೆ 4 ಮಿಲಿ, 19 ಲೀಟರಿಗೆ 76 ಮಿಲಿ. ಅಷ್ಟನ್ನು ಅಳೆದು ಬಿಯರಿಗೆ ಬೆರೆಸಿ. ಇದರಿಂದ ಆಲ್ಕೋಹಾಲ್ ಹೆಚ್ಚುವುದು ನೂರಕ್ಕೆ 0.2ಕ್ಕಿಂತ ಕಡಿಮೆ, ಲೆಕ್ಕಕ್ಕೇ ಇಲ್ಲ.

ರುಚಿ ನೋಡುವುದಕ್ಕೆ ನಿಮ್ಮೊಬ್ಬರನ್ನೇ ನಂಬಬೇಡಿ. ರೊಟ್ಟಿ ಜೊತೆ ರಂಜಕ ತಿಂದು ಬೆಳೆದ ನಾಲಿಗೆ ನಿಮ್ಮದು, ನನ್ನದೂ ಅಷ್ಟೇ. ನಾನು ಇಲ್ಲಿ ಕೊಲೊರಾಡೊಗೆ ಬಂದ ಹೊಸದರಲ್ಲಿ ಪಕ್ಕದ ಮನೆಯವರಿಗೆ ನನ್ನ ಮೊದಲ ಮೆಣಸಿನ ಬಿಯರ್ ಕೊಟ್ಟಿದ್ದೆ, "ಸ್ವಲ್ಪವೇ ಖಾರ" ಅಂತ ಹೇಳಿ. ಅವರು ಎರಡು ಗುಟುಕು ಕುಡಿದು, ಬಹಳ ಸಭ್ಯವಾಗಿ, ಲೋಟ ಹಿಡಿದುಕೊಂಡೇ ತೋಟ ನೋಡಲು ಹೋದರು. ವಾಪಸ್ ಬಂದಾಗ ಲೋಟ ಖಾಲಿ. ಆ ವರ್ಷ ಅವರ ಗುಲಾಬಿ ಗಿಡದ ಬುಡಕ್ಕೆ ಏನು ಬಿತ್ತು ಅಂತ ನಾನು ಕೇಳಲಿಲ್ಲ.

ಇನ್ನು ಮೆಣಸು ಸೇರಿಸುವ ಮೂಲ ಬಿಯರ್ ಯಾವುದಿರಬೇಕು ಅನ್ನುವುದು. ಖಾರಕ್ಕೂ, ಬಿಯರಿಗೆ ಹಾಕುವ ಹಾಪ್ಸ್ ಹೂವಿನ ಕಹಿಗೂ ಗಂಟಲಲ್ಲಿ ಜಗಳ. ಎರಡೂ ಜೋರಿದ್ದರೆ ಕೊನೆಗೆ ಒರಟು ಉಳಿಯುತ್ತದೆ. ಹಬನೇರೊ ಹಾಕಿದ ಐಪಿಎಗಳು, ಅಂದರೆ ಹಾಪ್ಸ್ ಜೋರಿರುವ ಬಿಯರುಗಳು, ಇಲ್ಲಿ ಮಾರಾಟಕ್ಕೆ ಬಂದಿವೆ, ಮೆಚ್ಚುವವರೂ ಇದ್ದಾರೆ. ನನಗೆ ಅದು ಏಟಿನ ಮೇಲೆ ಏಟು ತಿಂದ ಹಾಗೆ. ಕಹಿ 20 ಐಬಿಯು (ಬಿಯರಿನ ಕಹಿಯ ಅಳತೆ) ಆಸುಪಾಸು ಇರಲಿ, ಸ್ವಲ್ಪ ಸಿಹಿ ಉಳಿಯುವ ಬಿಯರ್ ಇರಲಿ. ಬ್ಯಾಡಗಿಗೆ ನಾನು ಮಾಡುವ ಕೆಂಪು ಏಲ್ (ಬಿಯರಿನ ಒಂದು ಬಗೆ) ಹೀಗಿರುತ್ತದೆ. 60 ನಂಬರಿನ ಕ್ಯಾರಮೆಲ್ ಮಾಲ್ಟ್ 450 ಗ್ರಾಂ ಮತ್ತು ಹುರಿದ ಬಾರ್ಲಿ 60 ಗ್ರಾಂ, ಎರಡನ್ನೂ ತರಿಯಾಗಿ ಒಡೆದು ಬಟ್ಟೆ ಚೀಲದಲ್ಲಿ ಕಟ್ಟಿ, 68 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಅರ್ಧ ಗಂಟೆ. ಚೀಲ ತೆಗೆದು, ಲೈಟ್ ಒಣ ಮಾಲ್ಟ್ ಎಕ್ಸ್‌ಟ್ರಾಕ್ಟ್ ಎರಡೂವರೆ ಕೆ.ಜಿ. ಕಲಸಿ ಕುದಿಸುವುದು. ಕುದಿ ಬಂದ ಮೇಲೆ ಈಸ್ಟ್ ಕೆಂಟ್ ಗೋಲ್ಡಿಂಗ್ಸ್ ಹಾಪ್ಸ್ 35 ಗ್ರಾಂ, ಒಂದು ಗಂಟೆ ಕುದಿ. ತಣಿಸಿ, 19 ಲೀಟರಿಗೆ ನೀರು ಹೊಂದಿಸಿ, ಎಸ್-04 ಯೀಸ್ಟಿನ 11.5 ಗ್ರಾಂ ಪೊಟ್ಟಣ ಒಂದು. 18ರಿಂದ 20 ಡಿಗ್ರಿಯಲ್ಲಿ ಎರಡು ವಾರ. ಶುರುವಿನಲ್ಲಿ ಹೈಡ್ರೋಮೀಟರ್ 1.050 ದಾಟಿ, ಕೊನೆಗೆ 1.013 ಹತ್ತಿರ ನಿಂತರೆ ಆಲ್ಕೋಹಾಲ್ ನೂರಕ್ಕೆ ಸುಮಾರು 5. ತುಂಬುವಾಗ, ಬಾಟಲಿಯಲ್ಲಿ ಗ್ಯಾಸ್ ಬರಲಿ ಅಂತ, ಕಾರ್ನ್ ಶುಗರ್ 115 ಗ್ರಾಂ. ಇದರಲ್ಲಿ ಹೊಸದೇನೂ ಇಲ್ಲ, ಮೆಣಸಿಲ್ಲದೆ ಕುಡಿದರೂ ಒಳ್ಳೆಯ ಬಿಯರ್. ಮೆಣಸಿಲ್ಲದೆ ಚೆನ್ನಾಗಿರದ ಬಿಯರ್ ಮೆಣಸು ಬಿದ್ದರೆ ಚೆನ್ನಾಗುವುದಿಲ್ಲ.

ಹೊಗೆ ಹಿಡಿಸಿದ ಹಲಪೀನ್ಯೊ, ಅಂದರೆ ಚಿಪೋಟ್ಲೆ, ಪೋರ್ಟರ್ ಅನ್ನುವ ಕಪ್ಪು ಬಿಯರಿಗೆ ಒಪ್ಪುತ್ತದೆ. ಆಂಚೊವನ್ನು ಕೋಕೋ, ವೆನಿಲಾ ಜೊತೆ ಇನ್ನೊಂದು ಕಪ್ಪು ಬಿಯರಾದ ಸ್ಟೌಟಿಗೆ ಹಾಕುವುದು ಈಗ ಮಾಮೂಲು. ಒಕ್ಲಹೋಮದ ಪ್ರೇರಿ ಕಂಪನಿಯ ಬಾಂಬ್ ಅನ್ನುವ ಸ್ಟೌಟಿನಲ್ಲಿ ಇವುಗಳ ಜೊತೆ ಕಾಫಿಯೂ ಇದೆ. ಕೋಕೋಗೆ ಮೆಣಸು ಬೆರೆಸುವುದು ಮೆಕ್ಸಿಕೋದಲ್ಲಿ ಸ್ಪೇನಿನವರು ಕಾಲಿಡುವ ಮುಂಚಿನ ರೂಢಿ. ಮೆಣಸಿನಕಾಯಿ ಪೋರ್ಚುಗೀಸರ ಹಡಗಿನಲ್ಲಿ ನಮ್ಮ ಕರಾವಳಿಗೆ ಬಂದಿದ್ದು ಆಮೇಲೆ, 16ನೇ ಶತಮಾನದಲ್ಲಿ. ಬ್ಯಾಡಗಿಯವರ ಮುಂದೆ ಇದನ್ನು ಹೇಳಿದರೆ ಈಗಲೂ ಯಾರೂ ಸುಲಭವಾಗಿ ಒಪ್ಪುವುದಿಲ್ಲ.

ಹಸಿ ಕಾಯಿಯ ಲೆಕ್ಕ ಸ್ವಲ್ಪ ಬೇರೆ. ಅದರ ಹಸಿರು ವಾಸನೆ ಕೊಡುವುದು ಮೆಥಾಕ್ಸಿಪೈರಜಿನ್ ಅನ್ನುವ ಒಂದು ವಸ್ತು. ದೊಡ್ಡಮೆಣಸಿನಕಾಯಿ ಕತ್ತರಿಸಿದಾಗ ಮೂಗಿಗೆ ಬರುವುದೂ ಅದೇ. ಎಷ್ಟು ಕಡಿಮೆ ಇದ್ದರೂ ಮೂಗು ಹಿಡಿದುಬಿಡುತ್ತದೆ. ಹಸಿ ಹಲಪೀನ್ಯೊವನ್ನು ಹಾಗೇ ಹಾಕಿದರೆ ಬಿಯರ್ ತರಕಾರಿ ಬುಟ್ಟಿಯ ಹಾಗೆ ನಾರುತ್ತದೆ. ಅದಕ್ಕೇ ಸುಡಬೇಕು. ಆಗಸ್ಟ್, ಸೆಪ್ಟೆಂಬರ್ ಬಂತು ಅಂದರೆ ನಮ್ಮ ಕೊಲೊರಾಡೊದ ಪ್ವೆಬ್ಲೊ ಕಡೆ, ಕೆಳಗೆ ನ್ಯೂ ಮೆಕ್ಸಿಕೋದ ಹ್ಯಾಚ್ ಕಡೆ ರಸ್ತೆ ಬದಿಯಲ್ಲೇ ತಂತಿ ಡ್ರಮ್ಮುಗಳಲ್ಲಿ ಹಸಿರು ಮೆಣಸು ಸುಡುತ್ತಾರೆ. ಗ್ಯಾಸ್ ಉರಿಯ ಮೇಲೆ ಡ್ರಮ್ಮು ತಿರುಗುತ್ತಿರುತ್ತದೆ, ಸಿಪ್ಪೆ ಕಪ್ಪಾಗಿ ಉದುರುತ್ತದೆ. ಕಾರಿನ ಕಿಟಕಿ ಇಳಿಸಿದರೆ ಬದನೆಕಾಯಿ ಸುಟ್ಟ ವಾಸನೆಗೂ ಬ್ಯಾಡಗಿ ಪೇಟೆಯ ಗಾಳಿಗೂ ನಡುವಿನದ್ದೇನೋ ಬರುತ್ತದೆ. ನನಗೆ ಊರು ನೆನಪಾಗುವ ವಾರ ಅದು. ಆ ಸುಟ್ಟ ಕಾಯಿಯ ಸಿಪ್ಪೆ, ಬೀಜ ತೆಗೆದು ತೆಳು ಬಣ್ಣದ ಕ್ರೀಮ್ ಏಲ್‌ಗೆ ಮೂರು ನಾಲ್ಕು ದಿನ ಹಾಕಿಟ್ಟರೆ ಸೊಗಸಾಗಿರುತ್ತದೆ. ಇದೊಂದರಲ್ಲಿ ಮಾತ್ರ ನಾನು ವೋಡ್ಕಾ ಬಿಟ್ಟು ಕಾಯನ್ನೇ ಹಾಕುತ್ತೇನೆ, ಏಕೆಂದರೆ ಖಾರ ಕಡಿಮೆ, ಬೇಕಾಗಿದ್ದು ಸುಟ್ಟ ರುಚಿ. ದಿನಾ ರುಚಿ ನೋಡಿ, ಸಾಕು ಅನ್ನಿಸಿದ ದಿನ ತೆಗೆಯಿರಿ. ಚೀಲಕ್ಕೆ ದಾರ ಕಟ್ಟಿ ಇಳಿಸಿದರೆ ತೆಗೆಯುವುದು ಸುಲಭ.

ಆದರೆ ಹಸಿ ಕಾಯಿಯನ್ನು ಯಾವತ್ತೂ ಸುಡದೆ, ಬಿಸಿನೀರಿಗೂ ಹಾಕದೆ ಬಿಯರಿಗೆ ಇಳಿಸಬೇಡಿ. ಅದರ ಮೈಮೇಲೆ ಲ್ಯಾಕ್ಟೊಬ್ಯಾಸಿಲಸ್, ಕಾಡು ಯೀಸ್ಟ್ ಎಲ್ಲ ಇರುತ್ತವೆ. ಮೆಣಸಿನಕಾಯಿಯನ್ನು ಉಪ್ಪುನೀರಿನಲ್ಲಿ ಹಾಕಿಟ್ಟರೆ ತಾನಾಗಿ ಹುಳಿಯಾಗುವುದು ಅವುಗಳಿಂದಲೇ. ಉಪ್ಪಿನಕಾಯಿಗೆ ಅವು ನೆಂಟರು, ನಿಮ್ಮ ಬಿಯರಿಗಲ್ಲ. ನೀವು ನಾಲ್ಕು ಹಬನೇರೊ ಬರೀ ಸೀಳಿ ಹಾಕಿದ್ದೀರಿ. ಬಿಯರ್ ಮೇಲೆ ಬಿಳಿ ಪೊರೆ ಏನಾದರೂ ಕಟ್ಟಿದೆಯಾ, ಹುಳಿ ವಾಸನೆ ಇದೆಯಾ ಅಂತ ಮೊದಲು ನೋಡಿ. ಇದ್ದರೆ ಮುಂದೆ ಬರೆದಿರುವ ಉಪಚಾರ ಬೇಡ, ಆಸೆ ಬಿಡಿ.

ಇಲ್ಲವಾದರೆ ಉಳಿಸುವುದು ಹೀಗೆ. ಬಿಯರಿನಲ್ಲಿ ಬಿದ್ದ ಖಾರವನ್ನು ತೆಗೆಯುವ ಉಪಾಯ ಮನೆಯಲ್ಲಿ ಇಲ್ಲ, ತೆಳು ಮಾಡಬಹುದು ಅಷ್ಟೇ. ಹಬನೇರೊಗಳನ್ನು ಇವತ್ತೇ ಹೊರಗೆ ತೆಗೆಯಿರಿ. ಅಂಗಡಿಯಿಂದ ಒಂದು ಸಾದಾ ಆಂಬರ್ ಏಲ್ ತಂದು ನಿಮ್ಮದನ್ನು ಅದರ ಜೊತೆ ಬೇರೆ ಬೇರೆ ಪ್ರಮಾಣದಲ್ಲಿ ಲೋಟದಲ್ಲಿ ಬೆರೆಸಿ ನೋಡಿ. ಒಂದಕ್ಕೆ ಒಂದು, ಒಂದಕ್ಕೆ ಎರಡು, ಒಂದಕ್ಕೆ ಮೂರು. ಯಾವುದು ಹಿಡಿಸಿತೋ ಅಷ್ಟಕ್ಕೆ ತಕ್ಕಂತೆ ಮೆಣಸಿಲ್ಲದ ಒಂದು ಹೊಸ ಬಿಯರ್ ಮಾಡಿ, ಅದರ ಹುದುಗೂ ಪೂರ್ತಿ ಮುಗಿದ ಮೇಲೆ ಎರಡನ್ನೂ ಬೆರೆಸಿ ಬಾಟಲಿಗೆ ತುಂಬಿ. ಮುಗಿಯುವ ಮುಂಚೆ ಬೆರೆಸಿ ತುಂಬಿದರೆ ಬಾಟಲಿ ಸಿಡಿಯುತ್ತದೆ. ಒಂದು ಬೇಸಿಗೆಯಲ್ಲಿ ನನ್ನ ಕಪಾಟಿನಲ್ಲಿ ರಾತ್ರಿ ಎರಡು ಗಂಟೆಗೆ ಆರು ಬಾಟಲಿ ಸಾಲಾಗಿ ಸಿಡಿದವು, ಅದಕ್ಕೇ ಹೇಳುತ್ತಿದ್ದೇನೆ. ಒಂದಕ್ಕೆ ಮೂರು ಅಂತ ಬಂದರೆ ಪೂರ್ತಿ 19 ಲೀಟರನ್ನು ಉಳಿಸಲು ಹೋಗಬೇಡಿ. 76 ಲೀಟರ್ ಖಾರದ ಬಿಯರ್ ಯಾರು ಕುಡಿಯುತ್ತಾರೆ? ಅದರಲ್ಲಿ ಐದಾರು ಲೀಟರ್ ಎತ್ತಿಕೊಂಡು ಬೆರೆಸಿ. ಬೆರೆಸಿದ ಮೇಲೆ ನೊರೆಯೂ ಸ್ವಲ್ಪ ಸುಧಾರಿಸುತ್ತದೆ, ಎಣ್ಣೆಯೂ ತೆಳುವಾಗುತ್ತದಲ್ಲ.

ಉಳಿದದ್ದನ್ನು ಚೆಲ್ಲಬೇಡಿ. ಮಾಂಸ ನೆನೆಹಾಕಲು ಚೆನ್ನಾಗಿರುತ್ತದೆ. ಪರೀಕ್ಷೆಗೆ ತುಂಬಿದ ನಾಲ್ಕು ಬಾಟಲಿಯಲ್ಲಿ ಗ್ಯಾಸ್ ಇದೆಯಲ್ಲ, ಅದರಲ್ಲಿ ಕಡಲೆಹಿಟ್ಟು ಕಲಸಿ ಮಿರ್ಚಿ ಭಜಿ ಕರಿಯಿರಿ. ಸೋಡಾ ಪುಡಿಯೇ ಬೇಡ, ಗುಳ್ಳೆಗೆ ಹಿಟ್ಟು ಹಗುರವಾಗಿ ಉಬ್ಬುತ್ತದೆ, ಒಳಗೂ ಮೆಣಸು, ಹೊರಗೂ ಮೆಣಸು. ವಿನೆಗರ್ ಮಾಡಿಕೊಳ್ಳಬಹುದು, ಆದರೆ ಆ ಪಾತ್ರೆಯನ್ನು ಬಿಯರ್ ಮಾಡುವ ಕೋಣೆಗೆ ತರಬೇಡಿ. ವಿನೆಗರಿನ ಬ್ಯಾಕ್ಟೀರಿಯಾ ಒಮ್ಮೆ ಕೊಳವೆ, ನಲ್ಲಿಗೆ ಸೇರಿದರೆ ಮುಂದಿನ ಬಿಯರೆಲ್ಲ ಹುಳಿ.

ಕೊಳವೆ ಅಂದಾಗ ನೆನಪಾಯಿತು. ಖಾರ ಪ್ಲಾಸ್ಟಿಕ್ಕಿಗೆ ಅಂಟಿಕೊಳ್ಳುತ್ತದೆ. ನಿಮ್ಮದು ಪ್ಲಾಸ್ಟಿಕ್ ಬಕೆಟ್ ಆಗಿದ್ದರೆ ಅದನ್ನು ಇನ್ನು ಮೆಣಸಿನ ಬಿಯರಿಗೇ ಮೀಸಲಿಡಿ. ಸಿಲಿಕೋನ್ ಕೊಳವೆ ಬದಲಾಯಿಸಿ. ಗಾಜು ಮತ್ತು ಸ್ಟೀಲಿಗೆ ಈ ಕಾಟ ಇಲ್ಲ. ಕಾಯಿ ಬಿಡಿಸುವಾಗ ಕೈಗವಸು ಹಾಕಿಕೊಳ್ಳಿ. ಆಮೇಲೆ ಕೈಗವಸು ತೆಗೆದು ಕೈ ಸೋಪಿನಲ್ಲಿ ಎರಡು ಸಲ ತೊಳೆದು, ಅಷ್ಟಾದ ಮೇಲೂ ಕಾಂಟ್ಯಾಕ್ಟ್ ಲೆನ್ಸ್ ಮುಟ್ಟಬೇಡಿ. ಹೇಗೆ ಗೊತ್ತು ಅಂತ ಕೇಳಬೇಡಿ.

ಬಾಟಲಿಗೆ ಒಂದೊಂದು ಕಾಯಿ ಇಳಿಬಿಡುವುದು ಚಂದ ಕಾಣುತ್ತದೆ, ಒಪ್ಪುತ್ತೇನೆ. ಅರಿಜೋನದ ಕೇವ್ ಕ್ರೀಕ್ ಚಿಲಿ ಬಿಯರ್ ಹೆಸರು ಮಾಡಿದ್ದೇ ಹಾಗೆ, ಪ್ರತಿ ಬಾಟಲಿಯಲ್ಲೂ ಒಂದು ಸೆರಾನೊ ಮೆಣಸು. ಅದನ್ನು ಕುಡಿದವರು ಮರೆಯುವುದಿಲ್ಲ, ಎರಡನೇ ಸಲ ಕೊಂಡವರು ಎಷ್ಟು ಜನವೋ. ಮನೆಯಲ್ಲಿ ಮಾಡಿದರೆ ಮೂರು ತೊಂದರೆ. ಒಂದು ಬಾಟಲಿ ಸಪ್ಪೆ, ಇನ್ನೊಂದು ಬೆಂಕಿ. ಇಟ್ಟಷ್ಟೂ ಖಾರ ಏರುತ್ತದೆ, ನಿಲ್ಲಿಸುವ ದಾರಿ ಇಲ್ಲ. ಮುಚ್ಚಳ ತೆಗೆದ ಕೂಡಲೇ ಕಾಯಿಯ ಸುಕ್ಕುಗಳಿಂದ ಗುಳ್ಳೆ ಎದ್ದು ಬಿಯರ್ ಅರ್ಧ ನೆಲಕ್ಕೆ ಹೋಗುತ್ತದೆ. ಚಂದಕ್ಕೆ ಬೇಕಿದ್ದರೆ ಲೋಟದ ಅಂಚಿಗೆ ಒಂದು ಕಾಯಿ ಸಿಕ್ಕಿಸಿಕೊಳ್ಳಿ.

ಕಾನೂನಿನ ಮಾತು ಒಂದು. ಅಮೆರಿಕದಲ್ಲಿ ಮನೆ ಬಳಕೆಗೆ ಬಿಯರ್ ಮಾಡಲು 1978ರ ಕಾಯ್ದೆ ಅವಕಾಶ ಕೊಟ್ಟಿತು. ವಯಸ್ಕರು ಒಬ್ಬರೇ ಇರುವ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ಜನ ವಯಸ್ಕರಿರುವ ಮನೆಗೆ 200 ಗ್ಯಾಲನ್. ಮಾರುವ ಹಾಗಿಲ್ಲ. ಹಂಚಿಕೊಳ್ಳಬಹುದು, ಆದರೆ ಆ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ, ನಿಮ್ಮ ಟೆಕ್ಸಾಸಿನದ್ದನ್ನು ನೋಡಿಕೊಳ್ಳಿ. ಕರ್ನಾಟಕದಲ್ಲಿ ಕೂತು ಇದನ್ನು ಓದುತ್ತಿರುವವರು ದಯವಿಟ್ಟು ಮಾಡಲು ಹೋಗಬೇಡಿ. 1965ರ ಅಬಕಾರಿ ಕಾಯ್ದೆ ಪ್ರಕಾರ ಪರವಾನಗಿ ಇಲ್ಲದೆ ಬಿಯರ್ ತಯಾರಿಸುವುದು ಅಪರಾಧ. ಬೆಂಗಳೂರಿನಲ್ಲಿ ಪರವಾನಗಿ ಇರುವ ಮೈಕ್ರೋಬ್ರೂವರಿಗಳು ಬೇಕಾದಷ್ಟಿವೆ. ಅಲ್ಲಿ ಬಿಯರ್ ಕುದಿಸುವವರ ಕಿವಿಗೆ ಬ್ಯಾಡಗಿಯ ಮಾತು ಹಾಕಿ ನೋಡಿ.

ನಿಮ್ಮ ಹತ್ತಿರ ಇನ್ನೂ ಬ್ಯಾಡಗಿ ಉಳಿದಿದ್ದರೆ ಹೊಸ ಬಿಯರ್ ಆಗುವ ತನಕ ಗಾಳಿಯಾಡದ ಡಬ್ಬಿಯಲ್ಲಿ ಫ್ರೀಜರಿನಲ್ಲಿಡಿ. ಟೆಕ್ಸಾಸಿನ ಸೆಕೆಗೆ ಹೊರಗಿಟ್ಟರೆ ಬಣ್ಣವೂ ಘಮವೂ ಇಳಿಯುತ್ತವೆ. ಲೋಟ ಬೆರೆಸಿ ನೋಡಿದಾಗ ಯಾವ ಪ್ರಮಾಣ ಹಿಡಿಸಿತು ಅಂತ ಬರೆಯಿರಿ. ಒಂದಕ್ಕೆ ಮೂರು ಅಂತಲೇ ಬರುತ್ತದೆ ಅಂತ ನನ್ನ ಅಂದಾಜು.